ಹಳ್ಳಿ ಹಳ್ಳಿಗೆ ಬೆಳಕು ಕೊಂಡೊಯ್ದ ಡಾ. ಎಂ.ಸಿ. ಮೋದಿ

ಈ ಸಲದ ಸಂಚಿಕೆಗೆ ಒಬ್ಬ ಸಾಧಕರ ಪರಿಚಯ ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡ ಹೆಸರು ಡಾ. ಎಂ.ಸಿ. ಮೋದಿ. ತರಗತಿಯಲ್ಲಿ ಕೇಳಿದಾಗ ಹೆಚ್ಚಿನವರಿಗೆ ಈ ಹೆಸರು ಗೊತ್ತಿರಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ಅವರು ತೀರಿಕೊಂಡದ್ದು 2005ರಲ್ಲಿ, ನಾವು ಹುಟ್ಟುವ ಮೊದಲು. ಆದರೆ ಮನೆಗೆ ಹೋಗಿ ಅರವತ್ತು ದಾಟಿದ ಹಿರಿಯರನ್ನು ಕೇಳಿ ನೋಡಿ. ಮೋದಿ ಡಾಕ್ಟರ್ ಎಂದರೆ ಸಾಕು, ಕಣ್ಣಿನ ಆಪರೇಷನ್ ಎಂಬ ಮಾತನ್ನು ಹಲವರು ತಾವೇ ಸೇರಿಸುತ್ತಾರೆ.

ಈ ಹೆಸರನ್ನು ಆರಿಸಿಕೊಳ್ಳಲು ನನಗೆ ಇನ್ನೊಂದು ಕಾರಣವೂ ಇದೆ. ನಮ್ಮ ನಾನಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಜೊತೆಗೆ ಗ್ಲಾಕೋಮಾವೂ ಇತ್ತು. ಎರಡು ಕಾಯಿಲೆ ಒಂದೇ ಕಣ್ಣಿನಲ್ಲಿರುವಾಗ ಯಾವ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂಬ ಚರ್ಚೆ ಕಳೆದ ವರ್ಷ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಆ ಮಾತುಗಳ ನಡುವೆ ಮೋದಿ ಡಾಕ್ಟರ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅವರ ಬದುಕಿನ ಬಗ್ಗೆ ಓದುತ್ತಾ ಹೋದಂತೆ ನಾನಿಯ ಕಣ್ಣಿನ ವಿಷಯವೂ ನನಗೆ ಸ್ಪಷ್ಟವಾಯಿತು. ಆದ್ದರಿಂದ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮುರುಗಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗ ಅದು ಬಿಜಾಪುರ ಜಿಲ್ಲೆಗೆ, ಅಂದರೆ ಬ್ರಿಟಿಷರ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಮದ್ದೂರು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿತ್ತು. ಭಾಷೆ ಒಂದೇ ಆದರೂ ಆಡಳಿತ ಬೇರೆ ಬೇರೆ. ಒಂದು ವಿಷಯದಲ್ಲಿ ಮಾತ್ರ ಎಲ್ಲ ಕಡೆಯ ಹಳ್ಳಿಗಳೂ ಒಂದೇ ರೀತಿ ಇದ್ದವು. ವಯಸ್ಸಾದಂತೆ ಕಣ್ಣು ಮಂಜಾಗುತ್ತಿತ್ತು, ಆಮೇಲೆ ಏನೂ ಕಾಣದಾಗುತ್ತಿತ್ತು, ಮನೆಯವರು ಅದನ್ನು ಹಣೆಬರಹ ಎಂದು ಒಪ್ಪಿಕೊಳ್ಳುತ್ತಿದ್ದರು.

ಕಣ್ಣಿನ ಆಸ್ಪತ್ರೆಗಳು ಇರಲಿಲ್ಲವೆಂದಲ್ಲ. ಬೆಂಗಳೂರಿನ ಮಿಂಟೋ ಆಸ್ಪತ್ರೆಯ ಚರಿತ್ರೆ 1896ರಿಂದಲೇ ಶುರುವಾಗುತ್ತದೆ. ಆದರೆ ಕಣ್ಣು ಕಾಣದ ಅಜ್ಜ ಒಬ್ಬರೇ ಪಟ್ಟಣಕ್ಕೆ ಹೋಗಲಾರರು. ಮಗನೋ ಸೊಸೆಯೋ ಕೂಲಿ ಬಿಟ್ಟು ಜೊತೆಗೆ ಹೋಗಬೇಕು. ಬಂಡಿ, ಬಸ್ಸು, ಊಟ, ಉಳಿಯಲು ಜಾಗ ಎಲ್ಲಕ್ಕೂ ಹಣ ಬೇಕು. ಇವೆಲ್ಲದರ ಮೇಲೆ ಕಣ್ಣಿಗೆ ಕತ್ತಿ ತಾಗಿಸುತ್ತಾರೆ ಎಂಬ ಭಯ. ಹೀಗಾಗಿ ಆಸ್ಪತ್ರೆ ಇದ್ದರೂ ಹಳ್ಳಿಯವರ ಪಾಲಿಗೆ ಅದು ಇಲ್ಲದಂತೆಯೇ ಇತ್ತು.

ಮೋದಿಯವರು ಈ ಲೆಕ್ಕವನ್ನೇ ತಿರುಗಿಸಿದರು. ರೋಗಿ ಆಸ್ಪತ್ರೆಗೆ ಬರುವುದರ ಬದಲು ವೈದ್ಯನೇ ಊರಿಗೆ ಹೋಗುವುದು. 1943ರಿಂದ ಅವರು ಉಚಿತ ನೇತ್ರ ಶಿಬಿರಗಳನ್ನು ನಡೆಸತೊಡಗಿದರು. ಆಗ ಅವರಿಗೆ 27 ವರ್ಷ ತುಂಬುವ ಹೊತ್ತು. ಅಂಥ ಶಿಬಿರಗಳ ರೀತಿ ಸರಳ. ಊರಿನವರು ಶಾಲೆಯನ್ನೋ ಛತ್ರವನ್ನೋ ಬಿಟ್ಟುಕೊಡುವುದು, ಅಕ್ಕಿ ಬೇಳೆ ಕೂಡಿಸಿ ಅಡುಗೆ ನೋಡಿಕೊಳ್ಳುವುದು, ಯುವಕರು ರೋಗಿಗಳ ಕೈಹಿಡಿದು ಕರೆತರುವುದು. ವೈದ್ಯರು ತಮ್ಮ ಉಪಕರಣ, ಔಷಧ ಮತ್ತು ಸಹಾಯಕರೊಂದಿಗೆ ಬರುವುದು. ಸಾಲಾಗಿ ಹಾಕಿದ ಮೇಜುಗಳ ಮೇಲೆ ರೋಗಿಗಳು ಮಲಗುವುದು. ಜಾತಿ ಮತ ಕೇಳುವವರಿಲ್ಲ, ಹಣ ಕೇಳುವವರೂ ಇಲ್ಲ.

ಅಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ಪೊರೆಯ ಆಪರೇಷನ್. ಹತ್ತನೇ ತರಗತಿಯಲ್ಲಿ ಓದಿದ ಕಣ್ಣಿನ ಪಾಠವನ್ನು ನೆನಪು ಮಾಡಿಕೊಳ್ಳಿ. ಪಾಪೆಯ ಹಿಂದೆ ಗಾಜಿನಂತೆ ತಿಳಿಯಾದ ಮಸೂರ ಇರುತ್ತದೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನು ಮೊಟ್ಟೆಯ ಬಿಳಿ ಬೆಂದಂತೆ ಬೆಳ್ಳಗಾಗುತ್ತದೆ, ಬೆಳಕು ಒಳಗೆ ಹೋಗುವುದಿಲ್ಲ. ಆ ಕಾಲದಲ್ಲಿ ಕಣ್ಣನ್ನು ಅಗಲವಾಗಿ ಕೊಯ್ದು ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಬದಲಿ ಮಸೂರ ಹಾಕುವ ಪದ್ಧತಿ ಶಿಬಿರಗಳಿಗೆ ಇನ್ನೂ ಬಂದಿರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಕೃತಕ ಮಸೂರ ಕೂರಿಸಿದ್ದರೂ ಅದು ನಮ್ಮ ದೇಶದ ಸಾಮಾನ್ಯ ಜನರಿಗೆ ಸಿಗಲು 1990ರ ದಶಕ ಬರಬೇಕಾಯಿತು. ಅಲ್ಲಿಯವರೆಗೆ ಕೆಲವು ದಿನ ಪಟ್ಟಿ, ಆಮೇಲೆ ಸೀಸೆಯ ತಳದಷ್ಟು ದಪ್ಪ ಕನ್ನಡಕ. ಹಳೆಯ ಫೋಟೋಗಳಲ್ಲಿ ಅಂಥ ಕನ್ನಡಕ ಹಾಕಿದ ಅಜ್ಜ ಅಜ್ಜಿಯರನ್ನು ನೀವೂ ನೋಡಿರಬಹುದು.

ಮೋದಿಯವರ ಹೆಸರು ಗಿನ್ನೆಸ್ ದಾಖಲೆಯ ಪುಸ್ತಕಕ್ಕೂ ಸೇರಿತು. ಒಂದೇ ದಿನದಲ್ಲಿ 833 ಪೊರೆಯ ಆಪರೇಷನ್ ಮಾಡಿದ್ದು ಅದರಲ್ಲಿ ದಾಖಲಾಗಿದೆ. ಒಂದು ದಿನಕ್ಕೆ 1,440 ನಿಮಿಷ. ಭಾಗಿಸಿ ನೋಡಿದರೆ ಒಬ್ಬರಿಗೆ ಎರಡು ನಿಮಿಷವೂ ಇಲ್ಲ. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಒಟ್ಟು ಆಪರೇಷನ್ 6,10,564. ಐವತ್ತು ವರ್ಷಗಳಿಗೆ ಹಂಚಿದರೆ ಹಬ್ಬ, ಭಾನುವಾರ ಬಿಡದೆ ದಿನಕ್ಕೆ ಸುಮಾರು 33. ಭಾರತ ಸರ್ಕಾರ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿತು.

ಎಲ್ಲರೂ ಬೆರಗಾಗುವುದು 833ರ ಸಂಖ್ಯೆಗೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ ದಾಖಲೆಯ ಇನ್ನೊಂದು ಸಂಖ್ಯೆ. ಆ ಅವಧಿಯಲ್ಲಿ ಅವರು ಸುಮಾರು 46 ಸಾವಿರ ಹಳ್ಳಿಗಳಿಗೆ ಹೋಗಿ ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ನೋಡಿದ್ದರು. ಇದನ್ನು ಆಪರೇಷನ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಉತ್ತರ ಹತ್ತಿರ ಹತ್ತಿರ ಇಪ್ಪತ್ತು. ಅಂದರೆ ಇಪ್ಪತ್ತು ಜನರನ್ನು ಪರೀಕ್ಷಿಸಿದರೆ ಒಂದು ಆಪರೇಷನ್. ಕತ್ತಿ ಹಿಡಿದದ್ದಕ್ಕಿಂತ ಟಾರ್ಚು ಹಿಡಿದು ಕಣ್ಣು ನೋಡಿದ್ದೇ ಹೆಚ್ಚು. ಯಾವ ಕಣ್ಣಿಗೆ ಏನಾಗಿದೆ ಎಂದು ವಿಂಗಡಿಸುವುದೇ ದೊಡ್ಡ ಕೆಲಸವಾಗಿತ್ತು.

ಇಲ್ಲಿಂದ ನಾನಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಪೊರೆಗೆ ಸಫೇದ್ ಮೋತಿಯಾ ಎನ್ನುತ್ತಾರೆ, ಅಂದರೆ ಬಿಳಿ ಮುತ್ತು. ಗ್ಲಾಕೋಮಾಕ್ಕೆ ಕಾಲಾ ಮೋತಿಯಾ, ಕಪ್ಪು ಮುತ್ತು. ಹೆಸರುಗಳು ಅಕ್ಕತಂಗಿಯರಂತೆ ಇರುವುದರಿಂದ ಕಾಯಿಲೆಗಳೂ ಹಾಗೆಯೇ ಎಂದು ಜನ ತಿಳಿಯುತ್ತಾರೆ. ಒಂದು ಮೋತಿಯಾವನ್ನು ಆಪರೇಷನ್ ಮಾಡಿ ತೆಗೆದರೆ ಕಣ್ಣು ಬರುತ್ತದೆ, ಹಾಗಾದರೆ ಇನ್ನೊಂದನ್ನು ತೆಗೆದರೂ ಬರಬೇಕಲ್ಲ ಎಂಬುದು ನಾನಿಯ ವಾದ. ಮೋದಿ ಡಾಕ್ಟರ ಶಿಬಿರಕ್ಕೆ ಕೈಹಿಡಿಸಿಕೊಂಡು ಹೋದವರು ತಾವೇ ನಡೆದುಕೊಂಡು ವಾಪಸ್ಸು ಬಂದ ಕಥೆಗಳನ್ನು ಕೇಳಿ ಬೆಳೆದವರು ಅವರು.

ವ್ಯತ್ಯಾಸ ಇಲ್ಲಿದೆ. ಪೊರೆ ಬರುವುದು ಮಸೂರಕ್ಕೆ. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿ ನರ. ಮಸೂರವನ್ನು ಬದಲಾಯಿಸಬಹುದು. ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ಆ ನರವನ್ನು ಬದಲಾಯಿಸಲು ಬರುವುದಿಲ್ಲ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಪೊರೆಯಿಂದ ಹೋದ ದೃಷ್ಟಿ ಮರಳಿ ಬರುತ್ತದೆ, ಗ್ಲಾಕೋಮಾದಿಂದ ಹೋದದ್ದು ಬರುವುದಿಲ್ಲ. ಅದಕ್ಕೆ ಮಾಡುವ ಎಲ್ಲ ಚಿಕಿತ್ಸೆಯೂ ಉಳಿದಿರುವುದನ್ನು ಕಾಪಾಡಲು ಮಾತ್ರ.

ನರ ಏಕೆ ಸಾಯುತ್ತದೆ? ನಮ್ಮ ಕಡೆಯ ಕೆರೆಯನ್ನು ನೆನೆಸಿಕೊಳ್ಳಿ. ನೀರು ಬರುತ್ತಲೇ ಇದ್ದು ಕೋಡಿ ಕಟ್ಟಿಕೊಂಡರೆ ಏರಿಯ ಮೇಲೆ ಒತ್ತಡ ಬೀಳುತ್ತದೆ. ಕಣ್ಣಿನೊಳಗೂ ಒಂದು ತಿಳಿನೀರು ಸದಾ ಉತ್ಪತ್ತಿಯಾಗಿ, ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಕೋಡಿಯ ಮೂಲಕ ಹೊರಗೆ ಹೋಗುತ್ತದೆ. ಕೋಡಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಒತ್ತಡ ಮಿತಿಯೊಳಗೇ ಇದ್ದರೂ ಕೆಲವರ ನರ ಹಾಳಾಗುವುದುಂಟು. ನೋವಿಲ್ಲದೆ, ಅಂಚಿನ ನೋಟ ಮೊದಲು ಹೋಗಿ, ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ನಾನಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ನಾವೆಲ್ಲ ಅದು ಪೊರೆಯ ಮಂಜು ಎಂದುಕೊಂಡಿದ್ದೆವು.

ಈ ಎರಡು ಕಾಯಿಲೆಗಳಿಗೆ ನಂಟೂ ಇದೆ. ಪೊರೆಯನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಮಸೂರ ಊದಿಕೊಂಡು ಕೋಡಿಯನ್ನು ಮುಚ್ಚಬಹುದು, ಅಥವಾ ಅತಿಯಾಗಿ ಮಾಗಿ ಸೋರಿ ಕೋಡಿಯನ್ನು ಕಟ್ಟಿಸಬಹುದು. ಆಗ ಕಣ್ಣು ಕೆಂಪಾಗಿ, ತಡೆಯಲಾರದ ನೋವು ಬಂದು, ದಿನಗಳಲ್ಲೇ ನರ ಹಾಳಾಗುತ್ತದೆ. ಹಳ್ಳಿಗಳಲ್ಲಿ ಇಂಥದ್ದು ಬಹಳ ಆಗುತ್ತಿತ್ತು. ಹಾಗೆ ನೋಡಿದರೆ ಸಕಾಲದಲ್ಲಿ ಪೊರೆ ತೆಗೆದ ಪ್ರತಿಯೊಬ್ಬ ಶಿಬಿರದ ವೈದ್ಯರೂ ತಿಳಿದೋ ತಿಳಿಯದೆಯೋ ಕೆಲವರನ್ನು ಗ್ಲಾಕೋಮಾದಿಂದಲೂ ಉಳಿಸಿದ್ದಾರೆ.

ಪೊರೆಯ ಚಿಕಿತ್ಸೆಯ ಚರಿತ್ರೆ ಬಹಳ ಹಳೆಯದು. ಸುಮಾರು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನಲ್ಲಿದ್ದ ಅಮ್ಮಾರ್ ಇಬ್ನ್ ಅಲಿ ಅಲ್-ಮವ್ಸಿಲಿ ಎಂಬ ವೈದ್ಯರು ಟೊಳ್ಳು ಸೂಜಿಯಿಂದ ಮೆತ್ತನೆಯ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನು ಬರೆದಿಟ್ಟಿದ್ದಾರೆ. ಗ್ಲಾಕೋಮಾದ ಶಸ್ತ್ರಚಿಕಿತ್ಸೆ ಬಂದದ್ದು ತೀರಾ ಈಚೆಗೆ. ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫ 1857ರಲ್ಲಿ ದಾರಿ ತೋರಿಸಿದರು. ನಮ್ಮ ಪಕ್ಕದ ಮದರಾಸಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯಲ್ಲಿ ರಾಬರ್ಟ್ ಎಲಿಯಟ್ 1909ರಲ್ಲಿ ಕಣ್ಣಿನ ಗೋಡೆಯಲ್ಲಿ ಪುಟ್ಟ ರಂಧ್ರ ಕೊರೆಯುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಟ್ರಬೆಕ್ಯುಲೆಕ್ಟಮಿಯನ್ನು ಇಂಗ್ಲೆಂಡಿನ ಕೇರ್ನ್ಸ್ 1968ರಲ್ಲಿ ವಿವರಿಸಿದರು. ಮೋದಿಯವರಿಗೆ ಪದ್ಮಭೂಷಣ ಬಂದ ವರ್ಷವೂ ಅದೇ. ಅವರ ಕೆಲಸದ ಮೊದಲ ಇಪ್ಪತ್ತೈದು ವರ್ಷ ಈ ಆಪರೇಷನ್ನೇ ಇರಲಿಲ್ಲ ಎಂದಾಯಿತು.

ಈಗ ಎರಡೂ ಕಾಯಿಲೆ ಇರುವವರಿಗೆ ಯಾವ ಯಾವ ದಾರಿಗಳಿವೆ? ಆಸ್ಪತ್ರೆಯಲ್ಲಿ ಕೇಳಿ, ಮನೆಗೆ ಬಂದು ಓದಿ ತಿಳಿದುಕೊಂಡದ್ದನ್ನು ಕೆರೆಯ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲನೆಯದು, ಪೊರೆಯನ್ನು ಮಾತ್ರ ತೆಗೆದು ಹೊಸ ಮಸೂರ ಹಾಕುವುದು. ದಪ್ಪಗಾದ ಮಸೂರ ಹೋದರೆ ಒಳಗೆ ಜಾಗವಾಗಿ ಒತ್ತಡವೂ ಸ್ವಲ್ಪ ಇಳಿಯುತ್ತದೆ. ಕೋಡಿಯ ಬಾಯಿ ಇಕ್ಕಟ್ಟಾಗಿರುವ ಬಗೆಯ ಗ್ಲಾಕೋಮಾದಲ್ಲಿ ಇದರ ಲಾಭ ಹೆಚ್ಚು. 419 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಥವರಿಗೆ ಮಸೂರ ತೆಗೆಯುವುದು ಲೇಸರ್‌ಗಿಂತ ಒಳ್ಳೆಯ ಫಲ ಕೊಟ್ಟಿತೆಂದು ತೋರಿಸಿತು. ಗ್ಲಾಕೋಮಾ ಇನ್ನೂ ಆರಂಭದಲ್ಲಿದ್ದು ಒಂದೆರಡು ಡ್ರಾಪ್ಸ್‌ನಲ್ಲಿ ಹತೋಟಿಯಲ್ಲಿದ್ದರೆ ಈ ದಾರಿ ಸಾಕಾಗಬಹುದು.

ಎರಡನೆಯದು, ಗ್ಲಾಕೋಮಾ ಮೊದಲು, ಪೊರೆ ಆಮೇಲೆ. ಒತ್ತಡ ಬಹಳ ಹೆಚ್ಚಿದ್ದು ನರ ತೀರಾ ಸೊರಗಿದ್ದರೆ ಕಾಯಲು ಸಮಯವಿರುವುದಿಲ್ಲ. ಟ್ರಬೆಕ್ಯುಲೆಕ್ಟಮಿ ಮಾಡಿ, ರೆಪ್ಪೆಯ ಮರೆಯಲ್ಲಿ ಹೊಸ ಕೋಡಿ ತೆರೆಯುತ್ತಾರೆ. ಇದರ ಕಷ್ಟವೆಂದರೆ ಆಪರೇಷನ್ ಆದ ಮೇಲೆ ಪೊರೆ ಬೇಗ ಬೆಳೆಯುತ್ತದೆ. ಆಮೇಲೆ ಪೊರೆ ತೆಗೆಯುವಾಗ ಹೊಸ ಕೋಡಿ ಮುಚ್ಚಿಕೊಳ್ಳುವ ಭಯವೂ ಇದೆ. ಹಾಗಾಗಿ ಎರಡರ ನಡುವೆ ಕೆಲವು ತಿಂಗಳು ಬಿಡುತ್ತಾರೆ.

ಮೂರನೆಯದು, ಎರಡನ್ನೂ ಒಂದೇ ಸಲ ಮಾಡುವುದು. ಒಂದೇ ಅರಿವಳಿಕೆ, ಒಂದೇ ಸಲದ ಓಡಾಟ. ಪೊರೆ ತೆಗೆದ ತಕ್ಷಣ ಕೆಲವರಿಗೆ ಒತ್ತಡ ಏಕಾಏಕಿ ಏರುತ್ತದೆ. ಕೋಡಿ ತೆರೆದಿದ್ದರೆ ಆ ಅಪಾಯ ಕಡಿಮೆ. ಆದರೆ ಒತ್ತಡ ಟ್ರಬೆಕ್ಯುಲೆಕ್ಟಮಿ ಒಂದನ್ನೇ ಮಾಡಿದಷ್ಟು ಇಳಿಯದೆ ಇರಬಹುದು. ಗಾಯ ಬೇಗ ಕೂಡಿಕೊಂಡರೆ ಕೋಡಿಯೂ ಮುಚ್ಚುವುದರಿಂದ ಮೈಟೊಮೈಸಿನ್ ಎಂಬ ಔಷಧ ಹಚ್ಚುತ್ತಾರೆ. ಮೊದಲ ಕೆಲವು ವಾರ ಮತ್ತೆ ಮತ್ತೆ ತೋರಿಸಲು ಹೋಗಲೇಬೇಕು.

ನಾಲ್ಕನೆಯದು, ಪೊರೆಯ ಆಪರೇಷನ್ ಮಾಡುವಾಗಲೇ ಹಳೆಯ ಕೋಡಿಯನ್ನು ಒಳಗಿನಿಂದ ಬಿಡಿಸುವುದು. ಕೂದಲೆಳೆಗಿಂತ ತುಸು ದೊಡ್ಡದಾದ ಸ್ಟೆಂಟ್ ಇಡುವುದು ಅಥವಾ ಜರಡಿಯನ್ನು ಸೀಳುವುದು ಇದರಲ್ಲಿ ಸೇರಿದೆ. ಅಮೆರಿಕದಲ್ಲಿ ಇಂಥ ಮೊದಲ ಸ್ಟೆಂಟ್‌ಗೆ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಗಾಯ ಚಿಕ್ಕದು, ಚೇತರಿಕೆ ಬೇಗ. ಕಾಯಿಲೆ ಆರಂಭದ ಅಥವಾ ನಡುವಿನ ಹಂತದಲ್ಲಿರುವವರಿಗೆ ಮಾತ್ರ ಸರಿ, ಸ್ಟೆಂಟಿನ ಬೆಲೆಯೂ ಹೆಚ್ಚು.

ಇವಲ್ಲದೆ, ಕೋಡಿ ನಿಲ್ಲದಿದ್ದಾಗ ಸಣ್ಣ ಕೊಳವೆ ಕೂರಿಸುವ ಆಪರೇಷನ್ ಇದೆ. ಅದಕ್ಕೆ ಬೇಕಾದ ಕಡಿಮೆ ಬೆಲೆಯ ಸಾಧನವನ್ನು ಮಧುರೆಯ ಆರೋಲ್ಯಾಬ್ ಸಂಸ್ಥೆ ನಮ್ಮ ದೇಶದಲ್ಲೇ ತಯಾರಿಸುತ್ತಿದೆ. ಕೆರೆಗೆ ಬರುವ ನೀರನ್ನೇ ಕಡಿಮೆ ಮಾಡುವ ಲೇಸರ್ ಕೂಡ ಇದೆ. ಹೊಸ ಮಸೂರದ ಆಯ್ಕೆಯಲ್ಲೂ ಎಚ್ಚರ ಬೇಕು. ದೂರ, ಹತ್ತಿರ ಎರಡನ್ನೂ ತೋರಿಸುವ ದುಬಾರಿ ಮಸೂರಗಳು ನರ ಹಾಳಾದ ಕಣ್ಣಿನಲ್ಲಿ ನೋಟವನ್ನು ಇನ್ನೂ ಮಂಕಾಗಿಸಬಹುದು. ಹೆಚ್ಚಿನವರಿಗೆ ಸಾಮಾನ್ಯ ಮಸೂರವೇ ಒಳ್ಳೆಯದು.

ನಾನಿಯ ವಿಷಯದಲ್ಲಿ ಒಂದೊಂದು ಕಣ್ಣಿಗೆ ಒಂದೊಂದು ತೀರ್ಮಾನವಾಯಿತು. ಬಲಗಣ್ಣಿನ ನರ ಚೆನ್ನಾಗಿತ್ತು, ಒಂದು ಡ್ರಾಪ್ಸ್ ಸಾಕಾಗುತ್ತಿತ್ತು. ಅಲ್ಲಿ ಪೊರೆ ಮಾತ್ರ ತೆಗೆದರು. ಎಡಗಣ್ಣಿಗೆ ಮೂರು ಬಗೆಯ ಡ್ರಾಪ್ಸ್ ಹಾಕಿದರೂ ಒತ್ತಡ ಇಳಿದಿರಲಿಲ್ಲ, ನರವೂ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅಲ್ಲಿ ಎರಡನ್ನೂ ಸೇರಿಸಿ ಮಾಡಿದರು. ಮಾಮು ಮತ್ತು ನಾನು ಸರದಿಯಂತೆ ನಾನಿಯನ್ನು ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಬಂದೆವು. ಈಗ ಬಲಗಣ್ಣಿನಲ್ಲಿ ಅಕ್ಕಿಯ ಕಲ್ಲು ಆರಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಎಡಗಣ್ಣಿನ ಮಂಜು ಹೋಗಿದೆ, ಒತ್ತಡವೂ ಇಳಿದಿದೆ, ಆದರೆ ಪಕ್ಕದ ಕತ್ತಲೆ ಹಾಗೆಯೇ ಇದೆ. ಅದು ಹೋಗುವುದಿಲ್ಲ. ಮೊದಲ ವಾರ ನಾನಿ ಬಹಳ ಬೇಸರಪಟ್ಟರು. ಆಪರೇಷನ್ ಕೆಟ್ಟಿದೆ ಎಂದೇ ಅವರ ನಂಬಿಕೆ. ಅದು ಕೆಟ್ಟಿರಲಿಲ್ಲ. ಉಳಿದ ದೃಷ್ಟಿಯನ್ನು ಉಳಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಇದನ್ನು ಆಪರೇಷನ್ನಿಗೆ ಮೊದಲೇ ರೋಗಿಗೆ ಅರ್ಥವಾಗುವಂತೆ ಹೇಳುವುದು ಮನೆಯವರ ಕೆಲಸವೂ ಹೌದು ಎಂದು ನನಗೆ ಅನ್ನಿಸಿದೆ.

ಮೋದಿಯವರ ಬದುಕಿನ ಕೊನೆಯ ಭಾಗದ ಹೊತ್ತಿಗೆ ಕಣ್ಣಿನ ಚಿಕಿತ್ಸೆ ಬಹಳ ಬದಲಾಗಿತ್ತು. ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬಳಿ ಅವರ ಹೆಸರಿನ ಕಣ್ಣಿನ ಆಸ್ಪತ್ರೆ ಇದೆ, ಅಲ್ಲಿನ ಒಂದು ರಸ್ತೆಗೂ ಅವರ ಹೆಸರೇ. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಸೋಂಕಿನ ಅಪಾಯದಿಂದಾಗಿ ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡುವ ಪದ್ಧತಿ ನಿಂತು, ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ಬಂತು. ಒಂದು ದಿನಕ್ಕೆ 833 ಎಂಬ ದಾಖಲೆಯನ್ನು ಇಂದು ಯಾರೂ ಮುರಿಯಲು ಹೋಗುವುದಿಲ್ಲ, ಹೋಗಬಾರದು ಕೂಡ. 2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಆದರೆ ಅವರ ಇನ್ನೊಂದು ದಾಖಲೆಯನ್ನು, ಇಪ್ಪತ್ತು ಜನರನ್ನು ನೋಡಿ ಒಬ್ಬರಿಗೆ ಆಪರೇಷನ್ ಮಾಡುವ ಲೆಕ್ಕವನ್ನು, ನಾವು ಮುಂದುವರಿಸಬಹುದು. ಪೊರೆಯನ್ನು ಮನೆಯವರೂ ಗುರುತಿಸುತ್ತಾರೆ, ಪಾಪೆ ಬೆಳ್ಳಗೆ ಕಾಣುತ್ತದೆ. ಗ್ಲಾಕೋಮಾವನ್ನು ಒತ್ತಡ ಅಳೆದು, ನರ ನೋಡಿಯೇ ಕಂಡುಹಿಡಿಯಬೇಕು. ಮನೆಯಲ್ಲಿ ನಲವತ್ತು ದಾಟಿದವರಿದ್ದರೆ ಕನ್ನಡಕದ ನಂಬರ್ ನೋಡಿಸುವಾಗ ಕಣ್ಣಿನ ಒತ್ತಡವನ್ನೂ ಪರೀಕ್ಷಿಸಲು ಕೇಳಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಒಡಹುಟ್ಟಿದವರು, ಮಕ್ಕಳು ತಪ್ಪದೆ ತೋರಿಸಿಕೊಳ್ಳಬೇಕು. ನಮ್ಮ ಅಮ್ಮಿ, ಮಾಮು ಇಬ್ಬರೂ ತೋರಿಸಿಕೊಂಡು ಬಂದಿದ್ದಾರೆ. ಕಣ್ಣು ತುರಿಸಿದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕಿಕೊಳ್ಳಬೇಡಿ. ಅದರಿಂದ ಪೊರೆ, ಗ್ಲಾಕೋಮಾ ಎರಡೂ ಬರಬಹುದು, ಅದೂ ನಮ್ಮ ವಯಸ್ಸಿನಲ್ಲೇ.

ಮುಂದಿನ ವರ್ಷ ನಮ್ಮಲ್ಲಿ ಕೆಲವರು ನೀಟ್ ಬರೆಯುತ್ತಾರೆ, ಕೆಲವರು ನರ್ಸಿಂಗ್, ಆಪ್ಟೊಮೆಟ್ರಿ ಓದಲು ಹೋಗುತ್ತಾರೆ. ಓದು ಯಾವುದೇ ಇರಲಿ, ಬೀಳಗಿಯ ಆ ವೈದ್ಯರಿಂದ ಕಲಿಯಬೇಕಾದದ್ದು ಒಂದೇ. ಕಾಣದವರು ತಾವಾಗಿ ಬರಲಿ ಎಂದು ಅವರು ಕಾಯುತ್ತಾ ಕೂರಲಿಲ್ಲ, ಅವರಿರುವ ಕಡೆಗೇ ಹೋದರು. ನಮಗೆ 46 ಸಾವಿರ ಹಳ್ಳಿ ಸುತ್ತುವ ಅಗತ್ಯವಿಲ್ಲ. ನಮ್ಮ ಮನೆಯ ಹಿರಿಯರ ಕೈಹಿಡಿದು ಒಂದು ಸಲ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಸಾಕು.